ಬ್ಲೇನಾವನ್: ಕಬ್ಬಿಣದ ಪಟ್ಟಣವೊಂದರ ಅವಶೇಷಗಳು

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ದೇವಾಲಯ, ಕೋಟೆಗಳು ನಮ್ಮ ನೆನಪಿಗೆ ಬರುವುದು ಸಹಜ. ಮುರಿದ ಕುಲುಮೆಯೂ ಗಣಿಯ ಬಾಯಿಯೂ ಅದೇ ಮನ್ನಣೆಗೆ ಅರ್ಹವೆಂಬ ಭಾವನೆ ವಿದ್ವಾಂಸರಲ್ಲಿಯೂ ತಡವಾಗಿಯೇ ಮೂಡಿತು. ಆಗ್ನೇಯ ವೇಲ್ಸಿನ ಬ್ಲೇನಾವನ್ ಪಟ್ಟಣವನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇವೆ. 2000ದಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಇಲ್ಲಿನ ಯಾವುದೋ ಒಂದು ಕಟ್ಟಡವನ್ನಲ್ಲ. ಬೆಟ್ಟ, ಗಣಿ, ಕುಲುಮೆ, ವಸತಿಗಳೊಡನೆ ಇಡೀ ಭೂಪ್ರದೇಶವನ್ನು.

ಇದಕ್ಕೆ ಕಾರಣವಿದೆ. ಕಬ್ಬಿಣವನ್ನು ಕರಗಿಸಲು ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಬೇಕು. ಇಲ್ಲಿ ಮೂರೂ ಆಸುಪಾಸಿನಲ್ಲಿಯೇ ದೊರೆಯುತ್ತಿದ್ದವು. ಥಾಮಸ್ ಹಿಲ್, ಥಾಮಸ್ ಹಾಪ್ಕಿನ್ಸ್, ಬೆಂಜಮಿನ್ ಪ್ರಾಟ್ ಎಂಬ ಪಾಲುದಾರರು ಸ್ಥಾಪಿಸಿದ ಕಾರ್ಖಾನೆ 1789ರಲ್ಲಿ ಕೆಲಸಕ್ಕೆ ತೊಡಗಿತು. ಕುಲುಮೆಗಳನ್ನು ಬೆಟ್ಟದ ಇಳಿಜಾರಿಗೆ ಆನಿಸಿ ಕಟ್ಟಿದುದರಿಂದ ಅದಿರನ್ನು ಮೇಲಿನಿಂದಲೇ ಸುರಿಯಬಹುದಾಗಿತ್ತು. ಗಾಳಿಯನ್ನು ಊದುತ್ತಿದ್ದುದು ಉಗಿಯಂತ್ರ. 1839ರ ಎತ್ತುಗೋಪುರವಂತೂ ಸರಳೋಪಾಯದ ಉತ್ತಮ ನಿದರ್ಶನ. ಒಂದು ತೊಟ್ಟಿಗೆ ನೀರು ತುಂಬಿದರೆ ಅದು ತನ್ನ ಭಾರದಿಂದ ಕೆಳಗಿಳಿದು, ಇನ್ನೊಂದು ಬದಿಯ ಬಂಡಿಯನ್ನು ಮೇಲಕ್ಕೆಳೆಯುತ್ತಿತ್ತು. ಕುಲುಮೆಗಳ ಪಕ್ಕದಲ್ಲಿಯೇ ಕೆಲಸಗಾರರ ಕಿರುಮನೆಗಳು ಉಳಿದಿವೆ. ಊರಿನ ಸೇಂಟ್ ಪೀಟರ್ ಚರ್ಚಿನಲ್ಲಿ ಸಮಾಧಿಗಳ ಮುಚ್ಚಳಗಳೂ ಎರಕದ ಕಬ್ಬಿಣದವು. ಒಡೆಯರು ಎಲ್ಲಿ ಮಲಗಿದರು, ಆಳುಗಳು ಎಲ್ಲಿ ಬಾಳಿದರು ಎಂಬುದನ್ನು ಒಂದೇ ನಡಿಗೆಯಲ್ಲಿ ಕಾಣಬಹುದು.

ಬ್ಲೇನಾವನ್ನಿನ ಹೆಸರು ದೂರಕ್ಕೆ ಹಬ್ಬಿದ್ದು ಉಕ್ಕಿನಿಂದ. ಬೆಸೆಮರ್ ವಿಧಾನದಲ್ಲಿ ಅದಿರಿನ ರಂಜಕವು ಉಕ್ಕಿನಲ್ಲಿಯೇ ಉಳಿದು ಅದನ್ನು ಪೆಡಸಾಗಿಸುತ್ತಿತ್ತು. ಲಂಡನ್ನಿನ ಪೊಲೀಸ್ ನ್ಯಾಯಾಲಯದ ಗುಮಾಸ್ತ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ಇಲ್ಲಿ ರಸಾಯನಜ್ಞನಾಗಿದ್ದ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟನೊಡನೆ 1877-78ರಲ್ಲಿ ಪ್ರಯೋಗಗಳನ್ನು ನಡೆಸಿದನು. ಕುಲುಮೆಯ ಒಳಮೈಗೆ ಸುಣ್ಣಯುಕ್ತ ಇಟ್ಟಿಗೆಯನ್ನು ಹೊದಿಸಿ, ಕರಗಿದ ಲೋಹಕ್ಕೆ ಸುಣ್ಣ ಬೆರೆಸಿದರೆ ರಂಜಕವು ಕಿಟ್ಟದಲ್ಲಿ ಸೇರಿಹೋಗುತ್ತದೆಂದು ಸಿದ್ಧವಾಯಿತು. ಆ ಕಿಟ್ಟವೂ ಗೊಬ್ಬರವಾಗಿ ಮಾರಾಟವಾಯಿತು! ಆದರೆ ಇದರ ಹೆಚ್ಚಿನ ಲಾಭ ಪಡೆದದ್ದು ರಂಜಕಯುಕ್ತ ಅದಿರು ಹೇರಳವಾಗಿದ್ದ ಲೊರೇನ್ ಮೊದಲಾದ ಪ್ರದೇಶಗಳು. ಶತಮಾನ ಮುಗಿಯುವ ಮುನ್ನವೇ ಜರ್ಮನಿಯು ಉಕ್ಕಿನಲ್ಲಿ ಬ್ರಿಟನ್ನನ್ನು ಮೀರಿಸಿತು.

ಉದ್ಯಮವು ಕಣಿವೆಯ ಆಚೆಯ ಫೋರ್ಜ್‌ಸೈಡಿಗೆ ಸರಿದ ಮೇಲೆ ಹಳೆಯ ಕುಲುಮೆಗಳು ಪಾಳುಬಿದ್ದವು. ಅವು ಇಂದು ನಮಗೆ ದೊರೆತಿರುವುದು ಯಾರದೋ ಮುಂದಾಲೋಚನೆಗಿಂತ ಬಹುಮಟ್ಟಿಗೆ ಈ ಅನಾದರದಿಂದಲೇ ಎನ್ನಬೇಕು.

ಕಲ್ಲಿದ್ದಲಿನ ಕೆಲಸ ಇನ್ನೂ ಬಹುಕಾಲ ನಡೆಯಿತು. ಬಿಗ್ ಪಿಟ್ ಗಣಿ ಮುಚ್ಚಿದ್ದು 1980ರಲ್ಲಿ; 1983ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಾಜಿ ಗಣಿಕಾರ್ಮಿಕರೇ ಮಾರ್ಗದರ್ಶಕರಾದರು. ಅಂದು ಇಪ್ಪತ್ತರ ಹರೆಯದವರಾಗಿದ್ದವರು ಈಗ ಅರುವತ್ತನ್ನು ದಾಟಿದ್ದಾರೆ. ಗೋಡೆಗಳನ್ನು ಭದ್ರಪಡಿಸಲು ಕಾಲಾವಕಾಶವಿದೆ; ಇವರ ಮಾತುಗಳನ್ನು ದಾಖಲಿಸಲು ಅಷ್ಟಿಲ್ಲ. ತೊಂಬತ್ತು ಮೀಟರ್ ಆಳಕ್ಕಿಳಿಯುವ ಸಂದರ್ಶಕರು ಇಂದಿಗೂ ಬೆಂಕಿಪೊಟ್ಟಣ, ಬ್ಯಾಟರಿಯ ಗಡಿಯಾರ ಮೊದಲಾದವನ್ನು ಮೇಲೆಯೇ ಒಪ್ಪಿಸಿ, ಶಿರಸ್ತ್ರಾಣವನ್ನೂ ದೀಪವನ್ನೂ ಧರಿಸಿ ಹೋಗಬೇಕು.