ಮೀನಿನ ಲೆಡ್ಜರು

ಕಳೆದ ದಸರಾ ರಜೆಗೆ ಮೊಮ್ಮಗಳು ಹೊಸಹೊಳಲಿಗೆ ಬಂದಿದ್ದಳು. ಈಗ ಏಳನೇ ತರಗತಿ. ಬೊಂಬೆ ಕೂರಿಸಲು ಅಟ್ಟದಿಂದ ಟ್ರಂಕು ಇಳಿಸಿದಾಗ ಅದರ ತಳದಲ್ಲಿ ನನ್ನ ಹಳೆಯ ಡೈರಿಯೊಂದು ಅವಳ ಕೈಗೆ ಸಿಕ್ಕಿತು. ಹೊಸ ವರ್ಷಕ್ಕೆ ಬ್ಯಾಂಕಿನಲ್ಲಿ ಕೊಡುತ್ತಿದ್ದ ಕೆಂಪು ರಟ್ಟಿನ ಡೈರಿ. ಗಟ್ಟಿಯಾಗಿ ಓದತೊಡಗಿದಳು: “ಭಾನುವಾರ. ಹೇಮಾವತಿ. ಎರೆಹುಳ. ಮೀನು 6.” ಪುಟ ತಿರುವಿದಳು. “ಭಾನುವಾರ. ಮಳೆ. ಮೀನು 0.”

“ತಾತ, ನಿಮ್ಮ ಬ್ಯಾಂಕಲ್ಲಿ ಮೀನೂ ಜಮಾ ಮಾಡ್ಕೋತಿದ್ರಾ?”

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ವಾರವೆಲ್ಲ ಲೆಡ್ಜರು ಬರೆಯುತ್ತಿದ್ದ ಗುಮಾಸ್ತನಿಗೆ ಭಾನುವಾರವೂ ಕೈ ಸುಮ್ಮನಿರುತ್ತಿರಲಿಲ್ಲ. ಗಾಳದ ಕೋಲು ಹಿಡಿದು ಹೊಳೆಯ ದಡದಲ್ಲಿ ಕೂರುವುದು, ಸಂಜೆ ಮನೆಗೆ ಬಂದು ಲೆಕ್ಕ ಬರೆಯುವುದು. ಆದರೆ ಅವಳ ಮುಂದಿನ ಪ್ರಶ್ನೆಗೆ ನನಗೆ ಉತ್ತರವಿರಲಿಲ್ಲ.

“ಆರು ಅಂದ್ರೆ ಯಾವ ಮೀನು ತಾತ?”

ಗೆಂಡೆಯೋ, ಬಾಳೆಮೀನೋ, ಜಿಲೇಬಿಯೋ? ನಾನು ಬರೆದಿರಲಿಲ್ಲ. ಮೊತ್ತ ಬರೆದಿದ್ದೆ, ವಿವರ ಬರೆದಿರಲಿಲ್ಲ. ಬ್ಯಾಂಕಿನಲ್ಲಿ ಹಾಗೆ ಮಾಡಿದ್ದರೆ ಮ್ಯಾನೇಜರು ಲೆಡ್ಜರನ್ನು ವಾಪಸು ಎಸೆಯುತ್ತಿದ್ದರು. ಆ ರಾತ್ರಿ ಅವಳಿಗೆ ನನ್ನ ಡೈರಿಗಿಂತ ಒಳ್ಳೆಯದಾದ ಇನ್ನೊಂದು ಲೆಕ್ಕದ ಪುಸ್ತಕದ ಕಥೆ ಹೇಳಿದೆ. ಅದು ನಮ್ಮ ಕಾವೇರಿ ದಡದಲ್ಲೇ ಬರೆದದ್ದು. ನೀವೂ ಕೇಳಿ.

ರಾಗಿ ಉಂಡೆಗೆ ಬರುವ ಹುಲಿ

ಹೇಮಾವತಿ ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹರಿದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಶ್ರೀರಂಗಪಟ್ಟಣ, ತಲಕಾಡು, ಶಿವನಸಮುದ್ರ ದಾಟಿದ ಮೇಲೆ ಕಾವೇರಿ ಕಾಡಿನೊಳಗೆ ಹೋಗುತ್ತಾಳೆ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಕನಕಪುರದ ಕಡೆಯ ಗಾಳಿಬೋರೆ, ಸಂಗಮ, ಮೇಕೆದಾಟು ಎಲ್ಲವೂ ಆ ದಾರಿಯಲ್ಲಿವೆ. ಬಂಡೆ, ಮಡು, ಸೆಳವುಗಳಿರುವ ಆ ನೀರು ಮಹಶೀರ್ ಮೀನಿನ ಮನೆ.

ಮಹಶೀರ್ ನಮ್ಮ ಗೆಂಡೆ ಮೀನಿನ ದೊಡ್ಡ ಬಂಧು. ಅಂಗೈ ಅಗಲದ ಹುರುಪೆ, ಭಾರಿ ಬಲ. ಗಾಳದವರು ಅದನ್ನು ‘ನೀರಿನ ಹುಲಿ’ ಎನ್ನುತ್ತಾರೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಒಂದು ಜಾತಿಗೆ ಬೆನ್ನು ಗೂನಿನಂತೆ ಉಬ್ಬಿರುತ್ತದೆ, ರೆಕ್ಕೆಗಳಿಗೆ ಕಿತ್ತಳೆ ಬಣ್ಣ. ಅದೇ ಗೂನುಬೆನ್ನಿನ ಮಹಶೀರ್. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಸಿಕ್ಕ ಮೀನು 120 ಪೌಂಡು ತೂಗಿತ್ತು. ಅಂದರೆ ಸುಮಾರು 54 ಕಿಲೋ. ಅಕ್ಕಿ ಮೂಟೆಯೊಂದು ನೀರಿನೊಳಗಿಂದ ನಿಮ್ಮನ್ನೇ ಎಳೆಯುತ್ತಿದೆ ಎಂದುಕೊಳ್ಳಿ!

ಇಷ್ಟು ದೊಡ್ಡ ಮೀನಿಗೆ ಏನು ಇಡುತ್ತಿದ್ದರು ಗೊತ್ತೆ? ಬೇಯಿಸಿದ ರಾಗಿಹಿಟ್ಟಿನ ಉಂಡೆ. ಮಂಡ್ಯ ಸೀಮೆಯ ಮೀನಲ್ಲವೇ, ಮುದ್ದೆ ಬಿಟ್ಟು ಬೇರೇನು ತಿಂದೀತು!

ಹಿಡಿದು, ಬರೆದು, ಬಿಡುವುದು

1970ರ ದಶಕದ ಹೊತ್ತಿಗೆ ಈ ಮೀನಿಗೆ ಕಷ್ಟಕಾಲ ಬಂದಿತ್ತು. ಸಿಡಿಮದ್ದು ಎಸೆದು ಮಡುವಿನ ಮೀನನ್ನೆಲ್ಲ ಒಮ್ಮೆಗೇ ಕೊಲ್ಲುವವರಿದ್ದರು. ಆಗ ಬೆಂಗಳೂರಿನ ಗಾಳದ ಹವ್ಯಾಸಿಗಳು ಸೇರಿ ಕಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ, ಕಾವೇರಿಯ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಕೊಡಗಿನ ಹವ್ಯಾಸಿಗಳೂ ವಾಲ್ನೂರಿನ ಬಳಿ ಇಂಥದೇ ಕೆಲಸ ಮಾಡಿದರು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯ ಕಡೆ ಗಾಳದ ಶಿಬಿರಗಳನ್ನು ನಡೆಸಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಶಿಬಿರದಲ್ಲಿ ಸಂಬಳದ ಮಾರ್ಗದರ್ಶಿಗಳಾದರು. ನಿಯಮ ಒಂದೇ: ಹಿಡಿದ ಮೀನನ್ನು ತೂಕ ಮಾಡಿ ಜೀವಂತವಾಗಿ ಹೊಳೆಗೇ ಬಿಡಬೇಕು.

ಬಿಡುವ ಮೊದಲು ಬರೆಯುತ್ತಿದ್ದರು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು, ಯಾವ ಬಗೆ, ಎಷ್ಟು ತೂಕ. ವಿಜ್ಞಾನಕ್ಕಾಗಿ ಬರೆದದ್ದಲ್ಲ, ಅತಿಥಿಗಳ ಖುಷಿಗೆ. ಆದರೆ ಮುಂದೆ ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜೊತೆಗಾರರು ಗಾಳಿಬೋರೆ ಶಿಬಿರದ ಲೆಕ್ಕವನ್ನು ಕೂತು ಓದಿದರು. 1998ರಿಂದ 2012ರವರೆಗೆ ಒಟ್ಟು 23,620 ಗಂಟೆ ಗಾಳ, 6,161 ಮಹಶೀರ್. ಮಕ್ಕಳೇ, ಭಾಗಾಕಾರ ಮಾಡಿ ನೋಡಿ. ಒಂದು ಮೀನಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆ ಕಾಯಬೇಕಿತ್ತು! ತಾಳ್ಮೆ ಇಲ್ಲದವರಿಗೆ ಇದು ಆಟವಲ್ಲ.

ಮೊತ್ತ ನೋಡಿ ಮೋಸ ಹೋಗಬೇಡಿ

ಆ ಪುಸ್ತಕದ ಮೊತ್ತ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಇತ್ತು. ಅಷ್ಟು ನೋಡಿ ಪುಸ್ತಕ ಮುಚ್ಚಿದವರು ‘ಮಹಶೀರ್ ಹೆಚ್ಚುತ್ತಿದೆ’ ಎಂದು ಹೇಳಬಹುದಿತ್ತು.

ವಿವರಕ್ಕೆ ಇಳಿದಾಗ ಬೇರೆಯೇ ಕಥೆ. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯದಲ್ಲ; ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಆ ಜಾತಿಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಇಲ್ಲಿಗೆ ತಂದು ಬಿಟ್ಟಿದ್ದರು. ನಮ್ಮದೇ ಆದ ಗೂನುಬೆನ್ನಿನದು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕವೂ ದೊಡ್ಡ ದೊಡ್ಡವು. ದೊಡ್ಡವು ಸಿಕ್ಕರೆ ಒಳ್ಳೆಯದಲ್ಲವೇ ಎಂದು ಮೊಮ್ಮಗಳು ಕೇಳಿದಳು. ಅಲ್ಲ ಮಗಳೇ. ಮದುವೆ ಮನೆಗೆ ಬರೀ ಅಜ್ಜ ಅಜ್ಜಿಯರೇ ಬಂದು, ಒಂದು ಮಗುವೂ ಓಡಾಡದಿದ್ದರೆ ಆ ವಂಶದ ಗತಿ ಏನು? ಮರಿಗಳು ಬೆಳೆದು ಬರುತ್ತಿಲ್ಲ ಎಂಬುದೇ ಅದರ ಅರ್ಥ.

ನಮ್ಮ ಕಡೆಯ ಕೊಟ್ಟಿಗೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಮನೆಯಲ್ಲಿ ಹಿಂದೆ ಐದು ಹಳ್ಳಿಕಾರ್ ಹಸುಗಳಿದ್ದವು. ಈಗ ಎಂಟು ದನಗಳಿವೆ. ಲಾಭವೇ ಅನ್ನಿಸುತ್ತದೆ. ಆದರೆ ಎಂಟರಲ್ಲಿ ಏಳು ಸೀಮೆ ಹಸು; ಹಳ್ಳಿಕಾರ್ ಉಳಿದದ್ದು ಒಂದೇ, ಅದೂ ಮುದಿ. ಮೊತ್ತ ಏರಿದೆ, ತಳಿ ಮುಗಿದಿದೆ.

2018ರಲ್ಲಿ ವಿಜ್ಞಾನಿಗಳು ಗೂನುಬೆನ್ನಿನ ಮಹಶೀರ್‌ನ ಸರಿಯಾದ ಹೆಸರು ‘ಟಾರ್ ರೆಮಾದೇವಿ’ ಎಂದು ಗುರುತಿಸಿದರು. ಮೀನುಗಳ ಅಧ್ಯಯನಕ್ಕೆ ಹೆಸರಾದ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಆ ಅಪಾಯ ಕಂಡದ್ದು ಹವ್ಯಾಸಿಗಳು ದಡದಲ್ಲಿ ಕೂತು ಬರೆದ ಪುಸ್ತಕದಿಂದ.

ನಿಂತುಹೋದ ಪುಸ್ತಕ

2012ರ ಹೊತ್ತಿಗೆ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತಿತು. ವನ್ಯಜೀವಿ ಕಾಯ್ದೆಯನ್ನು ಹೊಸದಾಗಿ ಅರ್ಥ ಮಾಡಿದಾಗ, ಹಿಡಿದು ಬಿಟ್ಟರೂ ಅದು ಬೇಟೆಯೇ ಎಂಬ ತೀರ್ಮಾನವಾಯಿತು. ಇದರಲ್ಲೂ ನ್ಯಾಯವಿದೆ. ಕಾಡಿನಲ್ಲಿ ಜಿಂಕೆಯನ್ನು ಹಿಡಿದು ಬಿಡುತ್ತೇನೆ ಎಂದರೆ ಒಪ್ಪುತ್ತೇವೆಯೇ? ಮೀನಿನ ಬಾಯಿಗೂ ಕೊಕ್ಕೆ ಚುಚ್ಚಿದರೆ ನೋವೇ.

ಇನ್ನೊಂದು ಕಡೆಯ ಮಾತೂ ಇದೆ. ಗಾಳದವರು ಹೋದ ಮೇಲೆ ಅವರ ಕಾವಲೂ ಹೋಯಿತು, ಸಿಡಿಮದ್ದಿನವರಿಗೆ ದಾರಿಯಾಯಿತು ಎಂದು ಸಂಶೋಧಕರು ಬರೆದರು. ಎರಡು ಮಾತಿನಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂದು ಮನೆಯಲ್ಲಿ ಕೂತು ಚರ್ಚೆ ಮಾಡಿ. ನನ್ನ ದುಃಖ ಒಂದೇ. ಗಾಳ ನಿಂತ ದಿನ ಆ ಪುಸ್ತಕವೂ ನಿಂತಿತು. ಅದೇ ಹೊಳೆಯ ಮೇಕೆದಾಟಿನಲ್ಲಿ ಅಣೆಕಟ್ಟೆಯ ಮಾತು ಬಹಳ ವರ್ಷಗಳಿಂದ ನಡೆದಿದೆ. ಕಟ್ಟಲಿ, ಬಿಡಲಿ, ನೀರಿನೊಳಗೆ ಏನೇನಿದೆ ಎಂದು ಯಾರಾದರೂ ಕೇಳಲೇಬೇಕು. ಕೇಳಿದಾಗ ತೆರೆದು ತೋರಿಸಲು ಪುಸ್ತಕ ಬೇಕು.

ನಾವು ಹೋಗದ ಸಭೆ

ಈ ಮಾತು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಕೆಲಸದ ಮೇಲಿದ್ದ ಒಂದು ಊರಿನಲ್ಲಿ ಒಳ್ಳೆಯ ಕೆರೆಯೊಂದಿತ್ತು. ಅದರ ಒಂದು ಮೂಲೆಯಲ್ಲಿ ಮೊಣಕಾಲುದ್ದ ನೀರು, ಜೊಂಡು. ಮುಂಗಾರಿನಲ್ಲಿ ಮೀನು ಮೊಟ್ಟೆ ಇಡುತ್ತಿದ್ದದ್ದು ಅಲ್ಲೇ. ಭಾನುವಾರ ಗಾಳ ಹಿಡಿದು ಕೂರುವ ನಾವು ನಾಲ್ಕೈದು ಜನರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಕೆರೆ ಅಭಿವೃದ್ಧಿಗೆ ಸಭೆ ಕರೆದರು. ನೋಟಿಸು ಅಂಟಿಸಿದ್ದರು, ತಮಟೆಯನ್ನೂ ಹೊಡೆಸಿದ್ದರು. ನಾವು ಏರಿಯ ಮೇಲೆ ಗಾಳ ಹಾಕಿಕೊಂಡು ಕೂತೇ ಮೈಕಿನ ಸದ್ದು ಕೇಳಿದೆವು. ‘ನಮ್ಮದು ಹೊಟ್ಟೆಪಾಡಲ್ಲ, ಬರೀ ಹವ್ಯಾಸ, ನಮ್ಮನ್ನು ಯಾರು ಕೇಳುತ್ತಾರೆ’ ಎಂದುಕೊಂಡು ಒಬ್ಬರೂ ಏಳಲಿಲ್ಲ. ಮರುವರ್ಷ ಆ ಮೂಲೆಯ ಜೊಂಡು ಕಿತ್ತು, ಹೂಳು ತೆಗೆದು, ಸುತ್ತ ಕಲ್ಲು ಕಟ್ಟಿದರು. ನೋಡಲು ಚೆಂದವಾಯಿತು. ಮೊಟ್ಟೆ ಇಡುವ ಜಾಗ ಹೋಯಿತು. ಆಮೇಲೆ ನಮಗೆ ಸಿಕ್ಕಿದ್ದು ಬಹುಪಾಲು ಜಿಲೇಬಿ ಮೀನೇ. ಸಭೆ ಕರೆದವರನ್ನು ಬೈಯಲು ನನಗೆ ಬಾಯಿಲ್ಲ. ಗೊತ್ತಿದ್ದವರು ನಾವು; ಹೇಳದೆ ಕೂತವರೂ ನಾವೇ.

ಕಡಲಿಗೂ ನಕ್ಷೆ

ಹೊಳೆ, ಕೆರೆಯ ಮಾತಾಯಿತು. ಕಡಲಿನದೂ ಇದೇ ಕಥೆ. ಬಂದರು ಎಲ್ಲಿ, ದೋಣಿ ಎಲ್ಲಿ, ಮೀನಿನ ಮರಿಗಳಿಗೆ ಮೀಸಲು ಎಲ್ಲಿ ಎಂದು ಈಗ ಹಲವು ದೇಶಗಳು ನೀರಿಗೂ ನಕ್ಷೆ ಬರೆಯುತ್ತವೆ. ಇಂಗ್ಲೆಂಡಿನಲ್ಲಿ 2009ರ ಕಾಯ್ದೆಯ ಪ್ರಕಾರ ಕಡಲಿನಲ್ಲಿ ರಕ್ಷಿತ ವಲಯಗಳನ್ನು ಗುರುತಿಸಲು ನಾಲ್ಕು ಪ್ರಾದೇಶಿಕ ತಂಡಗಳಾದವು. ಬಲೆಯವರು, ದೋಣಿಯವರು, ಪರಿಸರದವರ ಜೊತೆ ಗಾಳದ ಹವ್ಯಾಸಿಗಳಿಗೂ ಅಲ್ಲಿ ಕುರ್ಚಿ ಸಿಕ್ಕಿತು. ತಮ್ಮ ಗಾಳಕ್ಕೇ ಕುತ್ತು ಬಂದೀತೆಂಬ ಭಯ ಅವರಿಗೂ ಇತ್ತು. ಆದರೂ ಹೋಗಿ ಕೂತರು. 2011ರಲ್ಲಿ ತಂಡಗಳು 127 ವಲಯಗಳನ್ನು ಸೂಚಿಸಿದವು. 2013ರಲ್ಲಿ ಸರ್ಕಾರ ಮೊದಲ ಕಂತಿನಲ್ಲಿ ಘೋಷಿಸಿದ್ದು 27.

ನಮ್ಮಲ್ಲೂ ಕಡಲ ಯೋಜನೆಯ ಕೆಲಸ ನಾರ್ವೆಯ ಸಹಕಾರದಿಂದ ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಮೊದಲಾಗಿದೆ. ಕರಾವಳಿ ನಿಯಂತ್ರಣ ವಲಯದ ನಕ್ಷೆ ಮಾಡುವಾಗ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಕರಡನ್ನು ಜನರ ಮುಂದಿಡಬೇಕು. ದೊಡ್ಡ ಅಣೆಕಟ್ಟೆ, ಬಂದರುಗಳಿಗೆ 2006ರ ನಿಯಮದಂತೆ ಸಾರ್ವಜನಿಕ ವಿಚಾರಣೆ ಇದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ, ವಿಡಿಯೋ ಆಗುತ್ತದೆ. ಕೊನೆಯಲ್ಲಿ ಯಾರು ಏನು ಹೇಳಿದರೆಂಬ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಅಲ್ಲೇ ಓದಿ ಹೇಳಬೇಕು. ನೀವು ಹೇಳಿದ್ದು ಅದರಲ್ಲಿ ಸೇರಿದೆಯೇ ಎಂದು ಕೇಳಿಸಿಕೊಂಡೇ ಏಳಿ. ನಮ್ಮ ಪಂಚಾಯತಿಗಳಲ್ಲೂ 2002ರ ಕಾಯ್ದೆಯಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹಕ್ಕಿ, ಮೀನುಗಳ ದಾಖಲೆಯನ್ನು ಅದು ಜನರನ್ನು ಕೇಳಿಯೇ ಬರೆಸಬೇಕು.

ಸಭೆಯಲ್ಲಿ ಮಾತಾಡಲು ಭಾಷಣ ಬರಬೇಕಿಲ್ಲ. “ಮೀನೆಲ್ಲ ಹಾಳಾಯ್ತು” ಎಂದರೆ ಯಾರೂ ಬರೆದುಕೊಳ್ಳುವುದಿಲ್ಲ. “ಈ ಮೂಲೆಯಲ್ಲಿ, ಈ ತಿಂಗಳಲ್ಲಿ, ಈ ಮೀನು ಮೊಟ್ಟೆ ಇಡುತ್ತದೆ, ಮೂರು ವರ್ಷದ ಲೆಕ್ಕ ಇಲ್ಲಿದೆ” ಎಂದರೆ ಬರೆದುಕೊಳ್ಳಲೇಬೇಕು.

ಇನ್ನೊಂದು ಡೈರಿ

ಇದಕ್ಕೆ ಮೀನು ಹಿಡಿಯಲೇಬೇಕೆಂದಿಲ್ಲ. ಅಜ್ಜ ಅಜ್ಜಿಯರೇ, ನಿಮ್ಮ ಕಾಲದ ಮೀನಿನ ಹೆಸರುಗಳನ್ನು ಮೊಮ್ಮಕ್ಕಳಿಗೆ ಬರೆಸಿ. ಅವು ಪುಸ್ತಕದಲ್ಲಿಲ್ಲ, ನಿಮ್ಮ ಬಾಯಲ್ಲಿವೆ. ಮಕ್ಕಳೇ, ದೊಡ್ಡವರ ಜೊತೆಯಲ್ಲೇ ನೀರಿನ ಬಳಿ ಹೋಗಿ, ಒಬ್ಬರೇ ಬೇಡ. ನೋಟುಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ದಿನಾಂಕ, ಜಾಗ, ನೀರಿನ ಮಟ್ಟ, ಯಾವ ಮೀನು, ಎಷ್ಟು. ನಾಲ್ಕನೆಯದನ್ನು ಮಾತ್ರ ನನ್ನ ಹಾಗೆ ಬಿಡಬೇಡಿ. ಏನೂ ಕಾಣದ ದಿನ ಸೊನ್ನೆಯನ್ನೂ ಬರೆಯಿರಿ. ಸೊನ್ನೆಯೂ ಲೆಕ್ಕವೇ.

ರಜೆ ಮುಗಿದು ಹೊರಡುವ ಹಿಂದಿನ ದಿನ ಮೊಮ್ಮಗಳನ್ನು ಹೇಮಾವತಿಗೆ ಕರೆದುಕೊಂಡು ಹೋಗಿದ್ದೆ. ದಡದಲ್ಲಿ ಗಾಳ ಹಾಕಿದ್ದ ಒಬ್ಬ ಹುಡುಗನ ಬಕೆಟ್ಟಿನಲ್ಲಿ ಬಗ್ಗಿ ನೋಡಿ, ಅವನನ್ನೇ ಒಂದೊಂದರ ಹೆಸರು ಕೇಳಿ ಬರೆದುಕೊಂಡಳು: “ಜಿಲೇಬಿ 4. ಗೆಂಡೆ 1.”

ಬಸ್ಸು ಹತ್ತುವಾಗ ಆ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟಳು. “ಮುಂದಿನ ಭಾನುವಾರದಿಂದ ನೀವು ಬರೀರಿ ತಾತ. ಬೇಸಿಗೆ ರಜೆಗೆ ಬಂದು ಟ್ಯಾಲಿ ಮಾಡ್ತೀನಿ.”

ನಿವೃತ್ತಿಯಾದ ಮೇಲೆ ನನಗೂ ಒಬ್ಬ ಇನ್‌ಸ್ಪೆಕ್ಟರು ಸಿಕ್ಕಂತಾಯಿತು. ಬರೆಯುತ್ತಿದ್ದೇನೆ.