ಡಾಲರ್ ಬಂದ ಮನೆ, ಅಜ್ಜಿ ಇರುವ ಮನೆ

ಶಿಗ್ಗಾವಿಯಲ್ಲಿ 1950ರಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಕಥೆಗಳೆಂದರೆ ಬರೀ ನೀತಿಪಾಠ ಎನ್ನುವವರಿದ್ದಾರೆ. ‘ಡಾಲರ್ ಸೊಸೆ’ ಕಾದಂಬರಿಯ ಮುಂದೆ ಆ ಮಾತು ಅರ್ಧ ಮಾತ್ರ ನಿಲ್ಲುತ್ತದೆ. ಅಮೆರಿಕದ ಸೊಸೆ ಜಮುನಾ ಒಂದೇ ಬಣ್ಣದ ಪಾತ್ರ, ಒಪ್ಪೋಣ. ಇಲ್ಲೇ ಇರುವ ಸೊಸೆ ವಿನುತಾಳ ತಾಳ್ಮೆಯೂ ತುಸು ಅತಿಯೇ. ಆದರೆ ಅತ್ತೆ ಗೌರಮ್ಮನನ್ನು ನೋಡಿ. ಆಕೆ ಕೆಟ್ಟವಳಲ್ಲ, ಮಧ್ಯಮವರ್ಗದ ಇಕ್ಕಟ್ಟಿನಲ್ಲೇ ಸಂಸಾರ ತೂಗಿಸಿದವಳು. ದೂರದ ಮಗನ ಡಾಲರ್ ಎದುರಾದಾಗ, ಕಣ್ಣೆದುರೇ ದುಡಿಯುವ ಸೊಸೆಯ ಬೆಲೆ ಆಕೆಯ ಮನಸ್ಸಿನಲ್ಲಿ ತಾನಾಗಿ ಇಳಿಯುತ್ತದೆ. ಪ್ರೀತಿಗೆ ಹೀಗೆ ದರ ಕಟ್ಟುವುದನ್ನು ಅರಿಯಲು ಅಮೆರಿಕವೇ ಬೇಕಿಲ್ಲ. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ, ಆಲಮಟ್ಟಿ ಹಿನ್ನೀರು ಹೊಲ-ಮನೆ ನುಂಗಿದ ಬೀಳಗಿ ಸೀಮೆಯಲ್ಲಿ, ಪರಿಹಾರದ ದುಡ್ಡು ಅಣ್ಣತಮ್ಮಂದಿರ ನಡುವೆ ಏನು ಮಾಡಬಲ್ಲದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಕ್ಕಳ ಪುಸ್ತಕಗಳಲ್ಲಿ ಅಜ್ಜಿಮನೆ ಅಷ್ಟು ಸಿಹಿ ಏಕೆ? 2012ರ ‘ಗ್ರಾಂಡ್‌ಮಾಸ್ ಬ್ಯಾಗ್ ಆಫ್ ಸ್ಟೋರೀಸ್’ನಲ್ಲಿ ಮೊಮ್ಮಕ್ಕಳು ರಜೆಗೆ ಶಿಗ್ಗಾವಿಗೆ ಬರುತ್ತಾರೆ; ಅಲ್ಲಿ ಪಾಲಿನ ಜಗಳ ಕಾಣುವುದಿಲ್ಲ. ಇದು ವಾಸ್ತವದಿಂದ ಪಲಾಯನ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೂ ಕಾದಂಬರಿಯ ಪಕ್ಕದಲ್ಲಿಟ್ಟು ಓದಿ: ಅಜ್ಜಿಮನೆಯ ಹಿರಿಯರು ಮಕ್ಕಳಿಗೆ ಕೊಡುವುದು ಹಣವನ್ನಲ್ಲ, ಹೊತ್ತನ್ನು. ಗೌರಮ್ಮ ವಿನುತಾಳಿಗೆ ಕೊಡದೆ ಹೋದದ್ದೂ ಅದನ್ನೇ. 2020ರ ‘ಗ್ರಾಂಡ್‌ಪೇರೆಂಟ್ಸ್ ಬ್ಯಾಗ್ ಆಫ್ ಸ್ಟೋರೀಸ್’ನಲ್ಲಂತೂ ಲಾಕ್‌ಡೌನ್‌ನ ಆತಂಕವೇ ಹೊಸ್ತಿಲು ದಾಟಿ ಒಳಗೆ ಬರುತ್ತದೆ; ಆ ಪುಸ್ತಕಕ್ಕೆ 2023ರ ಬಾಲ ಸಾಹಿತ್ಯ ಪುರಸ್ಕಾರವೂ ಸಂದಿತು. ‘ಹೌ ದಿ ಸೀ ಬಿಕೇಮ್ ಸಾಲ್ಟಿ’ಯಂಥ ಸಚಿತ್ರ ಪುಸ್ತಕ ಇನ್ನೊಂದು ಹೆಜ್ಜೆ ಮುಂದೆ: ಓದಲು ಬಾರದ ಮಗುವಿಗೆ ಅದು ದಕ್ಕಬೇಕಾದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಲೇಬೇಕು.