ಉಪಾಧ್ಯಾಯರೂ ಹೊಸ ಉಪಕರಣಗಳೂ

1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಒಂದು ಸಣ್ಣ ಯಂತ್ರವನ್ನು ಹೂಡಿ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. 1942ರಲ್ಲಿ ಮೈಸೂರು ಸರ್ಕಾರದವರು ಅದನ್ನು ವಹಿಸಿಕೊಂಡರು. ಮುಂದೆ ಇಡೀ ಭಾರತದ ರೇಡಿಯೋ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ಈ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಆದರೆ ಇದರಲ್ಲಿ ಅಡಗಿರುವ ಒಂದು ಅಂಶವನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಪಾಠ ಹೇಳುವುದೇ ಕಸುಬಾಗಿದ್ದ ಒಬ್ಬರು, ತಮ್ಮ ಮನಸ್ಸಿಗೆ ಹಿಡಿದ ಒಂದು ಹೊಸ ಸಾಧನವನ್ನು, ತಮ್ಮ ಮನೆಯಲ್ಲಿ, ತಾವೇ ಮುಂದಾಗಿ ಪ್ರಯೋಗಿಸಿ ನೋಡಿದರು. ಅದರಿಂದ ಇಷ್ಟು ದೊಡ್ಡ ಕೆಲಸ ಬೆಳೆಯಿತು.

ಮಾನ್ಯ ಶ್ರೋತೃಗಳೇ, ಪಾಠಶಾಲೆಗಳಲ್ಲಿ ಕಂಪ್ಯೂಟರು, ಚಿತ್ರಪ್ರದರ್ಶಕ, ಮೊಬೈಲು ಮೊದಲಾದ ಉಪಕರಣಗಳನ್ನು ಉಪಯೋಗಿಸುವಂತೆ ಉಪಾಧ್ಯಾಯರನ್ನು ಪ್ರೋತ್ಸಾಹಿಸುವುದು ಹೇಗೆ ಎಂಬ ಪ್ರಶ್ನೆ ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಇದಕ್ಕೆ ಉತ್ತರವನ್ನು ನಗರದ ಸುಸಜ್ಜಿತ ಶಾಲೆಗಳಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಅಲ್ಲಿ ಅನುಕೂಲಗಳು ಹೇರಳವಾಗಿರುವುದರಿಂದ ಯಾವ ಕ್ರಮವೂ ಒಳ್ಳೆಯದೆಂದೇ ಕಾಣುತ್ತದೆ. ಆದಕಾರಣ ನಾನು ಹರಪನಹಳ್ಳಿಯ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ಮಾತನಾಡುತ್ತೇನೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ—ಈ ಪ್ರದೇಶ 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಆಮೇಲೆ ಮೈಸೂರಿಗೆ ಬಂದಿತು. ಹರಪನಹಳ್ಳಿ ತಾಲ್ಲೂಕಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲಾ ಕಚೇರಿ ಬದಲಾಯಿತೇ ಹೊರತು ನೆಲದ ಗುಣ ಬದಲಾಗಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿಯ ಎಷ್ಟೋ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತವೆ. ತಂದೆತಾಯಿಗಳ ಬೆನ್ನಹಿಂದೆ ಮಕ್ಕಳೂ ಹೋಗುತ್ತಾರೆ. ಎರಡು ಮೂರು ತಿಂಗಳ ಅನಂತರ ಶಾಲೆಗೆ ಹಿಂದಿರುಗಿದ ಹುಡುಗಿಯೊಬ್ಬಳು ಕರಿಹಲಗೆಯ ಮೇಲೆ ಬರೆದದ್ದು ತನಗೆ ಅರ್ಥವಾಗದೆ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಾಳೆ. ಹೊಸ ಉಪಕರಣಗಳಿಂದ ಏನು ಲಾಭವೆಂದು ಕೇಳುವವರು ಈ ಹುಡುಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಬೇಕು.

ಇಂಥ ಪ್ರಯತ್ನಗಳು ನಮ್ಮ ನಾಡಿಗೆ ಹೊಸವಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ ಅಮೆರಿಕದ ‘ಎ.ಟಿ.ಎಸ್.-6’ ಎಂಬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ಬಂದವು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ 22½ ನಿಮಿಷಗಳ ಕಾರ್ಯಕ್ರಮವಿರುತ್ತಿತ್ತು. ಆ ಪ್ರಯೋಗದ ಒಂದು ಭಾಗ ವಿಶೇಷವಾಗಿ ಸ್ಮರಣೀಯವಾದುದು: ರಜೆಯ ದಿನಗಳಲ್ಲಿ ಅದೇ ಪೆಟ್ಟಿಗೆಯ ಮುಂದೆ ಉಪಾಧ್ಯಾಯರನ್ನು ಕೂರಿಸಿ, ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಸುವ ಕ್ರಮವನ್ನು ಅವರಿಗೆ ಹೇಳಿಕೊಟ್ಟರು. ಆರು ರಾಜ್ಯಗಳಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಉಪಾಧ್ಯಾಯರು ಇದರ ಪ್ರಯೋಜನ ಪಡೆದರು. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ತೆಗೆದುಕೊಂಡರು. ಹಾಗೆ ಕಲಿತ ಉಪಾಧ್ಯಾಯರನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಮುಂದಿನ ಪ್ರಯತ್ನ ಬೇರೆ ರೀತಿಯದು. 2001ರಲ್ಲಿ ಕರ್ನಾಟಕ ಸರ್ಕಾರವು ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳನ್ನು ಒದಗಿಸುವ ಯೋಜನೆಯನ್ನು ಕೈಗೊಂಡಿತು. ಉದ್ದೇಶ ಶ್ಲಾಘ್ಯವಾದುದೇ. ಆದರೆ ಯಂತ್ರಗಳನ್ನು ಇಡುವುದೂ, ಅವುಗಳ ಬಳಕೆಯನ್ನು ಮಕ್ಕಳಿಗೆ ಹೇಳಿಕೊಡುವುದೂ ಗುತ್ತಿಗೆ ಪಡೆದ ಖಾಸಗಿ ಕಂಪೆನಿಗಳವರ ಕೆಲಸವಾಯಿತು. ಗಣಿತದ ಮೇಷ್ಟರು ಪಕ್ಕದ ಕೊಠಡಿಯಲ್ಲಿ ಎಂದಿನಂತೆ ಬಳಪ ಹಿಡಿದು ನಿಂತಿರುತ್ತಿದ್ದರು; ಕಂಪ್ಯೂಟರಿನ ಕೊಠಡಿಗೂ ಅವರಿಗೂ ಸಂಬಂಧವಿರಲಿಲ್ಲ. ಗುತ್ತಿಗೆಯ ಅವಧಿ ಮುಗಿದ ಮೇಲೆ ಹೇಳಿಕೊಡುವವರು ಹೊರಟುಹೋದರು. ವಿದ್ಯೆಯೂ ಅವರೊಂದಿಗೆ ಹೊರಟುಹೋಯಿತು. ಬೀಗ ಹಾಕಿದ ಬಾಗಿಲು, ಬಟ್ಟೆ ಹೊದಿಸಿದ ಯಂತ್ರಗಳು, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ—ಇಂಥ ಕೊಠಡಿಯನ್ನು ನಮ್ಮಲ್ಲಿ ನೋಡದವರು ವಿರಳ. ನೆರೆಯ ಕೇರಳದವರೂ ಸರಿಸುಮಾರು ಅದೇ ಕಾಲದಲ್ಲಿ ಇದೇ ಕೆಲಸಕ್ಕೆ ಕೈಹಾಕಿದರು. ಆದರೆ ಅವರು ಶಾಲೆಯ ಉಪಾಧ್ಯಾಯರಲ್ಲಿಯೇ ಉತ್ಸಾಹಿಗಳನ್ನು ಆರಿಸಿ ತರಬೇತಿ ಕೊಟ್ಟು, ಅವರಿಂದಲೇ ಉಳಿದ ಉಪಾಧ್ಯಾಯರಿಗೆ ಹೇಳಿಸಿದರು. ಬೆಲೆ ಕೊಡದೆ ಎಲ್ಲರೂ ಹಂಚಿಕೊಳ್ಳಬಹುದಾದ ತಂತ್ರಾಂಶಗಳನ್ನು ಬಳಸಿದರು. ಅಲ್ಲಿ ಕೆಲಸ ನೆಲೆನಿಂತಿತು.

ನಮ್ಮಲ್ಲಿಯೂ ಈ ಪಾಠವನ್ನು ಕಲಿಯದೆ ಇರಲಿಲ್ಲ. 2011ರಿಂದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯವರು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಸಹಕಾರದಿಂದ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ನಡೆಸಿದರು. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಪ್ರೌಢಶಾಲಾ ಉಪಾಧ್ಯಾಯರು ಒಟ್ಟಿಗೆ ಕುಳಿತು, ತಮ್ಮ ತಮ್ಮ ವಿಷಯದ ಪಾಠಗಳನ್ನು ತಾವೇ ಕಂಪ್ಯೂಟರಿನಲ್ಲಿ ರಚಿಸಿಕೊಳ್ಳುವುದು, ಒಬ್ಬರು ರಚಿಸಿದ್ದನ್ನು ಮತ್ತೊಬ್ಬರು ತಿದ್ದಿ ಉಪಯೋಗಿಸುವುದು, ಇದರ ಕ್ರಮ. ಅಲ್ಲಿ ‘ಕಂಪ್ಯೂಟರು ಕಲಿಯಿರಿ’ ಎಂದು ಯಾರಿಗೂ ಹೇಳಲಿಲ್ಲ; ‘ನಿಮ್ಮ ಪಾಠದಲ್ಲಿ ಮಕ್ಕಳಿಗೆ ಎಲ್ಲಿ ಕಷ್ಟವಾಗುತ್ತದೆ?’ ಎಂದು ಕೇಳಿ ಅಲ್ಲಿಂದ ತೊಡಗಿದರು.

ಇದರಿಂದ ತರಗತಿಯಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ತ್ರಿಭುಜದ ಮೂರು ಮೂಲೆಗಳಿಂದ ಎದುರು ಬಾಹುಗಳಿಗೆ ಲಂಬಗಳನ್ನು ಎಳೆದರೆ ಅವು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಕರಿಹಲಗೆಯ ಮೇಲೆ ಮೇಷ್ಟರು ಒಂದು ತ್ರಿಭುಜವನ್ನು ಬರೆದು ಇದನ್ನು ತೋರಿಸುತ್ತಾರೆ. ಹುಡುಗನು ಅದನ್ನು ಆ ಒಂದು ತ್ರಿಭುಜದ ವಿಷಯವಾಗಿ ಮಾತ್ರ ನಂಬುತ್ತಾನೆ. ಉಳಿದದ್ದನ್ನು ಬಾಯಿಪಾಠ ಮಾಡುತ್ತಾನೆ. ಆಸ್ಟ್ರಿಯ ದೇಶದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬುವರು 2001ರಲ್ಲಿ, ತಾವು ಇನ್ನೂ ವಿದ್ಯಾರ್ಥಿಯಾಗಿದ್ದಾಗ, ‘ಜಿಯೋಜೀಬ್ರ’ ಎಂಬ ಗಣಿತದ ತಂತ್ರಾಂಶವನ್ನು ರಚಿಸಿದರು. ಅದರಲ್ಲಿ ಬರೆದ ತ್ರಿಭುಜದ ಒಂದು ಮೂಲೆಯನ್ನು ಹಿಡಿದು ಎಳೆಯಬಹುದು. ಎಳೆದಂತೆಲ್ಲ ಆಕಾರ ಬದಲಾಗುತ್ತದೆ. ಲಂಬಗಳು ಮಾತ್ರ ಒಂದೇ ಬಿಂದುವಿನಲ್ಲಿ ಕೂಡಿಯೇ ಇರುತ್ತವೆ. ಕೋನವು ಸರಿಯಾಗಿ 90 ಅಂಶವಾದಾಗ ಆ ಬಿಂದು ಮೂಲೆಗೇ ಬಂದು ನಿಲ್ಲುತ್ತದೆ. ಇನ್ನೂ ಸ್ವಲ್ಪ ಎಳೆದರೆ, ‘ಸಾರ್, ಚುಕ್ಕಿ ಹೊರಗೆ ಹೋಯ್ತು!’ ಎಂದು ಮಕ್ಕಳು ಕೂಗುತ್ತಾರೆ. ಆಗ ‘ಯಾಕೆ ಹೋಯ್ತು?’ ಎಂದು ಕೇಳತಕ್ಕವರು ಉಪಾಧ್ಯಾಯರು. ಯಂತ್ರವು ಚುಕ್ಕಿಯನ್ನು ತೋರಿಸಬಲ್ಲುದು. ಯಾವ ಮಗುವನ್ನು, ಯಾವ ಕ್ಷಣದಲ್ಲಿ, ಯಾವ ಪ್ರಶ್ನೆಯಿಂದ ಎಬ್ಬಿಸಬೇಕೆಂಬುದು ಅದಕ್ಕೆ ತಿಳಿಯದು. ಒಮ್ಮೆ ಯಂತ್ರದಲ್ಲಿ ಸೇರಿಸಿಕೊಂಡರೆ ಈ ತಂತ್ರಾಂಶಕ್ಕೆ ಅಂತರಜಾಲದ ಅವಶ್ಯಕತೆಯೂ ಇಲ್ಲವಾದ್ದರಿಂದ ಹಳ್ಳಿಯ ಶಾಲೆಗೂ ಇದು ಸಲ್ಲುತ್ತದೆ.

ಗಣಿತ ಹಾಗಿರಲಿ, ಚರಿತ್ರೆಯನ್ನು ನೋಡಿ. ಹರಪನಹಳ್ಳಿಯ ಸಮೀಪದಲ್ಲಿರುವ ಬಾಗಳಿಯಲ್ಲಿ ಸುಮಾರು ಸಾವಿರ ವರ್ಷಗಳ ಹಿಂದಿನ ಕಲ್ಲೇಶ್ವರ ದೇವಾಲಯವಿದೆ. ಅಲ್ಲಿ ಅನೇಕ ಶಾಸನಗಳಿವೆ. ಚಾಲುಕ್ಯರ ವಿಷಯವಾಗಿ ಪುಸ್ತಕದ ಎರಡು ಪುಟ ಓದುವ ಮಕ್ಕಳಿಗೆ ತಮ್ಮ ತಾಲ್ಲೂಕಿನಲ್ಲಿಯೇ ಆ ಕಾಲದ ಅಕ್ಷರಗಳು ಕಲ್ಲಿನ ಮೇಲೆ ನಿಂತಿವೆಯೆಂಬುದು ತಿಳಿದಿರುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಶಾಸನದ ಚಿತ್ರ ತೆಗೆದರೆ ಅಕ್ಷರಗಳು ಎದ್ದು ಕಾಣುತ್ತವೆ. ಆ ಚಿತ್ರವನ್ನು ಗೋಡೆಯ ಮೇಲೆ ಹಿರಿದಾಗಿ ಬಿಂಬಿಸಿ, ಹಳೆಯ ‘ಕ’ ಎಲ್ಲಿ, ‘ರ’ ಎಲ್ಲಿ ಎಂದು ಮಕ್ಕಳಿಂದ ಹುಡುಕಿಸಬಹುದು. ಮನೆಯ ಹಿರಿಯರು ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಕನ್ನಡದ ಪಾಠಕ್ಕೆ ತರಬಹುದು. ಇದಕ್ಕೆ ಒಂದು ಮೊಬೈಲು ಸಾಕು. ಇಂಥ ಪಾಠವನ್ನು ಯಾವ ಕಂಪೆನಿಯೂ ಸಿದ್ಧಪಡಿಸಿ ಮಾರಲಾರದು; ಊರನ್ನು ಬಲ್ಲ ಉಪಾಧ್ಯಾಯರು ಮಾತ್ರವೇ ಮಾಡಬಲ್ಲರು.

ಯಂತ್ರಗಳ ಮಿತಿಯನ್ನು 2020ನೆಯ ವರ್ಷವು ಎಲ್ಲರಿಗೂ ತೋರಿಸಿಕೊಟ್ಟಿತು. ಸಾಂಕ್ರಾಮಿಕ ರೋಗದ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಜುಲೈ ತಿಂಗಳಿಂದ ‘ಸಂವೇದ’ ಎಂಬ ಹೆಸರಿನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಬಂದವು. ಟಿ.ವಿ. ಇದ್ದ ಮನೆಯವರಿಗೆ ಅದರಿಂದ ಸಹಾಯವಾಯಿತು. ಇಲ್ಲದವರ ಗತಿಯೇನು? ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಉಪಾಧ್ಯಾಯರು, ಯಾವ ಉಪಕರಣವೂ ಇಲ್ಲದ ಮಕ್ಕಳು ಯಾರು, ಸಾಮಾನ್ಯ ಮೊಬೈಲು ಇದ್ದವರು ಯಾರು, ಅಂತರಜಾಲವೂ ದೊರೆಯುವವರು ಯಾರು ಎಂದು ಮೂರು ಬಗೆಯಾಗಿ ವಿಂಗಡಿಸಿಕೊಂಡು, ಹಳ್ಳಿಯ ಗುಡಿಯ ಜಗಲಿಗಳಲ್ಲಿಯೂ ಮರದ ನೆರಳಿನಲ್ಲಿಯೂ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಯಾವ ಮಗುವಿಗೆ ಯಾವ ಸಾಧನ ಎಟಕುತ್ತದೆಂಬುದನ್ನು ಮನೆಮನೆಗೆ ಹೋಗಿ ತಿಳಿದುಕೊಂಡವರು ಅವರೇ. ಗುಳೆ ಹೋಗಿ ಬಂದ ಹುಡುಗಿಗೂ ಇದೇ ಮಾತು ಸಲ್ಲುತ್ತದೆ. ಅವಳು ಇಲ್ಲದಾಗ ನಡೆದ ಪಾಠಗಳನ್ನು ಮೇಷ್ಟರು ಧ್ವನಿಮುದ್ರಿಸಿ ಇಟ್ಟಿದ್ದರೆ, ತೋಟದ ಲೈನಿನಲ್ಲಿ ತಂದೆಯ ಮೊಬೈಲಿನಿಂದ ಅವಳು ಅವನ್ನು ಕೇಳಬಹುದು. ಅದಾಗದಿದ್ದರೆ ಹಿಂದಿರುಗಿದ ಮೇಲೆ ಶಾಲೆಯಲ್ಲಿ ಕೇಳಬಹುದು. ತನ್ನ ಮೇಷ್ಟರ ಧ್ವನಿಯಲ್ಲಿ, ತನ್ನ ಊರಿನ ಮಾತಿನಲ್ಲಿ ಕೇಳಿದ ಪಾಠ ಅವಳಿಗೆ ಹತ್ತಿರವಾಗುತ್ತದೆ.

ಇನ್ನು ಉಪಾಧ್ಯಾಯರು ಹಿಂಜರಿಯುವುದೇಕೆ? ಅವರನ್ನು ಸೋಮಾರಿಗಳೆಂದೋ ಹಳಬರೆಂದೋ ಹೇಳುವುದು ಸುಲಭ, ಅದು ನ್ಯಾಯವಲ್ಲ. ಎಂಬತ್ತು ಕಣ್ಣುಗಳು ನೋಡುತ್ತಿರುವಾಗ ಯಂತ್ರ ಕೈಕೊಟ್ಟರೆ ತಮ್ಮ ಮರ್ಯಾದೆ ಏನಾದೀತೆಂಬ ಭಯ ಸಹಜವಾದುದು. ವಿದ್ಯುತ್ತು ಯಾವಾಗ ಹೋಗುವುದೋ ಗೊತ್ತಿಲ್ಲ. ಯಂತ್ರ ಕೆಟ್ಟರೆ ಜವಾಬ್ದಾರಿ ಯಾರ ತಲೆಗೆ ಬರುವುದೋ ಗೊತ್ತಿಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ಹೊಸದನ್ನು ಅಭ್ಯಾಸ ಮಾಡಲು ಬಿಡುವಿಲ್ಲ. ಹೀಗಿರುವಲ್ಲಿ ಸುತ್ತೋಲೆಯಿಂದ ಉತ್ಸಾಹ ಹುಟ್ಟದು.

ಹಾಗಾದರೆ ಮಾಡಬೇಕಾದದ್ದೇನು? ನನಗೆ ನಾಲ್ಕು ಅಂಶಗಳು ತೋರುತ್ತವೆ. ಮೊದಲನೆಯದಾಗಿ, ಕೊಠಡಿಯ ಬೀಗದ ಕೈ ಉಪಾಧ್ಯಾಯರ ಕೈಯಲ್ಲಿರಬೇಕು. ಬಳಸುವಾಗ ಯಂತ್ರ ಕೆಟ್ಟರೆ ಅದು ಅಪರಾಧವಾಗಬಾರದು. ಎರಡನೆಯದಾಗಿ, ವಾರಕ್ಕೆ ಒಂದು ಗಂಟೆಯನ್ನಾದರೂ ಅಭ್ಯಾಸಕ್ಕೆಂದು ಅವರ ವೇಳಾಪಟ್ಟಿಯಲ್ಲಿಯೇ ಬಿಟ್ಟುಕೊಡಬೇಕು. ಮೂರನೆಯದಾಗಿ, ಕಲಿಸತಕ್ಕವರು ನೆರೆಯ ಶಾಲೆಯ ಉಪಾಧ್ಯಾಯರೇ ಆಗಿರಬೇಕು. ಕೊಟ್ಟೂರಿನ ಮೇಡಂ ಒಬ್ಬರು ತಮ್ಮ ತರಗತಿಯಲ್ಲಿ ಮಾಡಿ ಗೆದ್ದದ್ದನ್ನು ಹಡಗಲಿಯ ಮೇಷ್ಟರಿಗೆ ತೋರಿಸಿದರೆ, ರಾಜಧಾನಿಯಿಂದ ಬಂದ ಪರಿಣತರ ಉಪನ್ಯಾಸಕ್ಕಿಂತ ಅದು ಹೆಚ್ಚು ನಾಟುತ್ತದೆ. ನಾಲ್ಕನೆಯದಾಗಿ, ಉಪಕರಣ ಬೇಡವಾದ ಪಾಠದಲ್ಲಿ ಅದನ್ನು ಬಿಡುವ ಸ್ವಾತಂತ್ರ್ಯವೂ ಉಪಾಧ್ಯಾಯರಿಗಿರಬೇಕು. ಬೀಜ ಮೊಳೆಯುವುದನ್ನು ಪರದೆಯ ಮೇಲೆ ತೋರಿಸುವುದಕ್ಕಿಂತ, ಒದ್ದೆ ಬಟ್ಟೆಯಲ್ಲಿ ಕಡಲೆಯನ್ನು ಕಟ್ಟಿಟ್ಟು ಮೂರು ದಿನ ಕಾಯುವುದು ಮೇಲು.

ನಗರವಾಸಿಗಳಾದ ನಮ್ಮಲ್ಲಿ ಅನೇಕರು ತಮ್ಮ ಹುಟ್ಟೂರಿನ ಶಾಲೆಗೆ ಕಂಪ್ಯೂಟರನ್ನು ದಾನವಾಗಿ ಕೊಡುತ್ತಾರೆ. ಬಹಳ ಸಂತೋಷ. ಕೊಡುವಾಗ ಅಲ್ಲಿಯ ಉಪಾಧ್ಯಾಯರೊಂದಿಗೆ ಒಂದು ದಿನ ಕುಳಿತು, ಅವರಿಗೆ ಬೇಕಾದದ್ದೇನೆಂದು ಮೊದಲು ಕೇಳಿರೆಂದು ಮಾತ್ರ ಪ್ರಾರ್ಥಿಸುತ್ತೇನೆ. ಅವರಿಗೆ ಬೇಕಾದದ್ದು ಹತ್ತು ಯಂತ್ರಗಳಿಗೆ ಬದಲಾಗಿ ಒಂದು ಯಂತ್ರ, ಅದನ್ನು ರಿಪೇರಿ ಮಾಡುವವನೊಬ್ಬನ ವಿಳಾಸ, ತಪ್ಪು ಮಾಡಿದರೂ ನಗದೆ ಜೊತೆಯಲ್ಲಿ ಕೂರುವ ಒಬ್ಬ ಸ್ನೇಹಿತ, ಇಷ್ಟೇ ಆಗಿರಬಹುದು. ಅಷ್ಟು ದೊರೆತರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಆ ಹುಡುಗಿಯನ್ನೂ ನೋಡಿಕೊಳ್ಳುತ್ತಾರೆ.